ಕಡಲಾಮೆ ತಲೆ ಒಳಗೆಳೆಯುವುದನ್ನು ಬಿಟ್ಟ ದಿನ

ಜಗತ್ತಿಗೆ ಮೊದಲ ಸ್ನಾನವಾಗಿ, ಮೈಮೇಲಿನ ಎಣ್ಣೆ ಇನ್ನೂ ಆರದಿದ್ದ ಕಾಲ ಅದು. ಬೆಟ್ಟಗಳು ಯಾರ ಪಕ್ಕ ಯಾರು ಕೂರಬೇಕೆಂದು ಜಗಳಾಡುತ್ತಿದ್ದವು. ಹೊಳೆಗಳು ದಾರಿ ಕೇಳಿಕೊಂಡು ಕಡಲಿಗೆ ಬರುತ್ತಿದ್ದವು. ಕಡಲಿನ ನೀರೂ ಆಗ ಇಷ್ಟು ಉಪ್ಪಾಗಿರಲಿಲ್ಲ, ಮುಳುಗಿ ಕಣ್ಣು ಬಿಟ್ಟರೆ ಉರಿಯುತ್ತಿರಲಿಲ್ಲ.

ಆ ಕಾಲದಲ್ಲಿ ಕಡಲಾಮೆಗೂ ಕೆರೆಯ ಆಮೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇಬ್ಬರಿಗೂ ಬೆನ್ನ ಮೇಲೆ ಚಿಪ್ಪು. ಚಿಪ್ಪಿನೊಳಗೆ ತಲೆಗೆಂದೇ ಒಂದು ಪುಟ್ಟ ಕೋಣೆ. ಹೆದರಿಕೆಯಾದರೆ ತಲೆ ಒಳಗೆ, ಹೆದರಿಕೆ ಹೋದರೆ ತಲೆ ಹೊರಗೆ.

ದಡದಿಂದ ಒಂದಷ್ಟು ದೂರದಲ್ಲಿ ಒಂದು ನಡುಗಡ್ಡೆ. ಅದರ ಬುಡದಲ್ಲಿ, ನೀರಿನ ಹುಲ್ಲು ದಟ್ಟವಾಗಿ ಬೆಳೆದ ಕಡೆ, ಪಾಚಕ್ಕ ಎಂಬ ಕಡಲಾಮೆ ತನ್ನ ಮುದಿ ಅವ್ವನ ಜೊತೆ ಇದ್ದಳು. ಬೆನ್ನ ಮೇಲೆ ಪಾಚಿ ಬೆಳೆದದ್ದರಿಂದ ಎಲ್ಲರೂ ಅವಳನ್ನು ಹಾಗೆ ಕರೆಯುತ್ತಿದ್ದರು. ಪಾಚಕ್ಕನಿಗೆ ಬೇರೆ ಕೆಟ್ಟ ಗುಣವಿರಲಿಲ್ಲ, ಪ್ರಶ್ನೆ ಕೇಳುವುದೊಂದನ್ನು ಬಿಟ್ಟರೆ.

"ಸದ್ದಾದ ಕೂಡ್ಲೆ ತಲೆ ಯಂತಕೆ ಒಳಗೆಳ್ಕಬೇಕವ್ವಾ?" ಎಂದು ಅವಳು ಕೇಳುತ್ತಿದ್ದಳು.

"ನಮ್ಮವ್ವ ಎಳ್ಕಂತಿತ್ತು. ಅವಳವ್ವನೂ ಎಳ್ಕಂತಿತ್ತು. ನಿನಗೊಬ್ಬಳಿಗೆ ಕೊಂಬು ಬಂದದ್ಯಾ?" ಎನ್ನುತ್ತಿದ್ದಳು ಅವ್ವ.

ಕೊಂಬು ಬಂದಿರಲಿಲ್ಲ. ಪಾಚಕ್ಕ ಸುಮ್ಮನೆ ಹುಲ್ಲು ಮೇಯಲು ಹೋಗುತ್ತಿದ್ದಳು.

ದಡದಲ್ಲಿ ಜಟ್ಟಪ್ಪ ಎಂಬ ಅಂಬಿಗನಿದ್ದ. ಮಾವಿನ ದಿಮ್ಮಿ ಕೊರೆದು ದೋಣಿ ಮಾಡಿದವರಲ್ಲಿ ಅವನೇ ಮೊದಲಿಗ. ಅವನು ಮೀನು ಹಿಡಿಯುವ ಬಗೆ ಹೀಗಿತ್ತು: ಮೊದಲು ಸುತ್ತ ಬಲೆ ಬಿಡುವುದು, ಆಮೇಲೆ ಹುಟ್ಟು ಎತ್ತಿ ದೋಣಿಯ ಪಕ್ಕೆಗೆ ಡಬ್ ಡಬ್ ಡಬ್ ಎಂದು ಬಡಿಯುವುದು. ಸದ್ದಿಗೆ ಬೆದರಿದ ಮೀನು ಓಡಿ ಹೋಗಿ ಬಲೆಗೆ ಬೀಳುತ್ತಿತ್ತು. ಇಂದಿಗೂ ಆ ಕಡೆ ದೋಣಿ ಬಡಿದು ಮೀನು ಓಡಿಸುವವರಿದ್ದಾರೆ.

ಒಂದು ದಿನ ಗುಡ್ಡದ ಮೇಲಿನವರು ಇಳಿದು ಬಂದರು. ಅವರಿಗೆ ಬೇಕಾದದ್ದು ಮೀನಲ್ಲ. "ಕಡಲೊಳಗೆ ಏನೇನಿದೆ, ನಮಗೂ ತೋರಿಸು" ಎಂದರು. ಜಟ್ಟಪ್ಪ ತಲೆ ಕೆರೆದುಕೊಂಡ. ಕೊನೆಗೆ ಬುದ್ಧಿ ಹೊಳೆದದ್ದು ಅವನ ಹೆಂಡತಿ ಹೊನ್ನಿಗೆ. ಅವಳು ಒಳಗೆ ಟೊಳ್ಳಿರುವ ವಾಟೆ ಬಿದಿರು ಕಡಿದು ತಂದು, ಬೆಂಕಿಗೆ ಕಾಯಿಸಿ ಬಗ್ಗಿಸಿ, ಮೊಳದುದ್ದದ ಕೊಳವೆ ಮಾಡಿದಳು. ಒಂದು ತುದಿ ಬಾಯಲ್ಲಿ, ಇನ್ನೊಂದು ತುದಿ ನೀರಿನ ಮೇಲೆ. ಮುಖ ಕೆಳಗೆ ಮಾಡಿ ತೇಲಿದರೆ ಆಯಿತು, ಉಸಿರೂ ಉಂಟು, ನೋಟವೂ ಉಂಟು.

ಹೊನ್ನಿ ದೋಣಿಯ ಹಿಂದೆ ಚುಕ್ಕಾಣಿ ಹಿಡಿದು ಕೂತು ಎಲ್ಲರಿಗೂ ಮೊದಲೇ ಹೇಳಿಬಿಡುತ್ತಿದ್ದಳು.

"ಒಂದು ಸಲಕ್ಕೆ ಆರೇ ಜನ. ಯಾರನ್ನೂ ಮುಟ್ಟೂಕಿಲ್ಲ. ಬೆನ್ನಟ್ಟೂಕಿಲ್ಲ. ನೋಡೂಕೆ ಬಂದದ್ದು, ನೋಡಿ ಬರ್ರಿ."

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಆರು ಜನ ತೇಲುತ್ತಿದ್ದರು, ಕೆಳಗೆ ಆಮೆಗಳು ಮೇಯುತ್ತಿದ್ದವು. ಅವರು ಇವರನ್ನು ನೋಡಿದರು, ಇವರು ಅವರನ್ನು ನೋಡಿದರು. ಪಾಚಕ್ಕನಿಗೆ ಆ ಕೊಳವೆಗಳೆಂದರೆ ಬಹಳ ಇಷ್ಟ.

"ಪಾಪ, ಅವರಿಗೂ ನಮ್ಮ ಹಾಗೇ ಗಾಳಿ ಬೇಕು ನೋಡವ್ವಾ. ಮೀನಿನ ಹಾಗೆ ನೀರು ಕುಡ್ದು ಬದ್ಕೂಕೆ ಬರೂದಿಲ್ಲ ಅವ್ರಿಗೆ" ಎಂದಳು.

ಆಮೇಲೆ ಒಂದು ದಿನ ನೋಡುತ್ತಾ ನೋಡುತ್ತಾ ಆರು ಜನವೂ ದೋಣಿಯಿಂದ ದೂರ ತೇಲಿಹೋದರು. ಕೂಗಿದರೆ ನೀರಿನಲ್ಲಿ ಮುಖವಿಟ್ಟವರಿಗೆ ಕೇಳುವುದೆಲ್ಲಿ? ಅವರನ್ನು ಕರೆಯಲು ಜಟ್ಟಪ್ಪ ಹುಟ್ಟು ಎತ್ತಿ ದೋಣಿಯ ಪಕ್ಕೆಗೆ ಡಬ್ ಡಬ್ ಡಬ್ ಎಂದು ಬಡಿದೇಬಿಟ್ಟ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ.

ಕೆಳಗಿದ್ದ ಆಮೆಗಳೆಲ್ಲ ತಲೆ ಕಾಲು ಒಳಗೆಳೆದುಕೊಂಡವು. ಕಾಲಿಲ್ಲದೆ ಈಜುವುದು ಹೇಗೆ? ಮರದಿಂದ ಉದುರಿದ ತೆಂಗಿನಕಾಯಿಗಳ ಹಾಗೆ ದುಡುದುಡು ಉರುಳಿ ತಳಕ್ಕೆ ಹೋಗಿ ಬಿದ್ದವು.

ಆರು ಜನರಲ್ಲಿ ಬಸವಂತ ಎಂಬ ಮೆಣಸಿನ ವ್ಯಾಪಾರಿಯೊಬ್ಬನಿದ್ದ. ಅವನು ನಕ್ಕು ನಕ್ಕು ಬಾಯಿಂದ ಕೊಳವೆ ಬೀಳಿಸಿಕೊಂಡ. "ಇನ್ನೊಂದ್ಸಲ ಬಡಿ ಮಾರಾಯ" ಎಂದ.

ಜಟ್ಟಪ್ಪ ಇನ್ನೊಂದು ಸಲ ಬಡಿದ. ಮತ್ತೊಂದು ಸಲವೂ ಬಡಿದ. ಊರಿಗೆ ಹೋದ ಬಸವಂತ ಈ ಸುದ್ದಿಯನ್ನು ತನಗೆ ಗೊತ್ತಿದ್ದವರಿಗೂ ಹೇಳಿದ, ಗೊತ್ತಿಲ್ಲದವರಿಗೂ ಹೇಳಿದ. ಅಲ್ಲಿಂದ ಮುಂದೆ ಬಂದವರೆಲ್ಲ ಕೇಳಿದ್ದು ಒಂದೇ, "ಆ ಬಡಿಯೋ ಆಟ ತೋರಿಸು."

ಆಮೆ ಇಣುಕಿದರೆ ಡಬ್. ಅಡಗಿದರೆ ನಗು. ಮತ್ತೆ ಇಣುಕಿದರೆ ಮತ್ತೆ ಡಬ್. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಹೊನ್ನಿಗೆ ಇದು ಹಿಡಿಸಲಿಲ್ಲ. "ಬಡಿಯೂದು ಮೀನು ಓಡ್ಸೂಕೆ. ಬಂದವ್ರನ್ನ ನಗ್ಸೂಕಲ್ಲ" ಎಂದಳು.

"ಆಮೆಗೆಂತ ಕಷ್ಟವೆ? ಚಿಪ್ಪಿನೊಳಗೆ ಕೂತ್ಕಂಡು ಆರಾಮ ಇರ್ತದೆ" ಎಂದ ಜಟ್ಟಪ್ಪ. ಅವನು ಕೆಟ್ಟವನೇನಲ್ಲ. ಆದರೆ ಹುಟ್ಟಿದಾಗಿನಿಂದ ಮೀನು ಹಿಡಿದವನಿಗೆ ಕಡಲೊಳಗಿರುವುದೆಲ್ಲ ಮೀನೇ. ನೀರೊಳಗೆ ಇರುವ ಪ್ರಾಣಿ ನೀರನ್ನೇ ಉಸಿರಾಡುತ್ತದೆಂದು ಅವನು ನಂಬಿದ್ದ, ಯಾರನ್ನೂ ಕೇಳಲು ಹೋಗಿರಲಿಲ್ಲ. ಕೇಳದೆ ತಿಳಿದವರಿಂದ ಜಗತ್ತಿನಲ್ಲಿ ಆಗುವ ಅನಾಹುತ ಅಷ್ಟಿಷ್ಟಲ್ಲ.

ಆಮೆಗಳಿಗೆ ಉಸಿರು ಸಾಲದಾಯಿತು. ಮೇಲೆ ಹೋಗಬೇಕೆಂದು ಹೊರಟರೆ ಅರ್ಧ ದಾರಿಯಲ್ಲಿ ಡಬ್ ಡಬ್ ಡಬ್. ಮತ್ತೆ ತಳಕ್ಕೆ. ಪಾಚಕ್ಕ ಗಾಳಿಗೆ ಹೇಳಿ ಕಳಿಸಿದಳು, "ನೀನೇ ಒಂದು ಸಲ ಕೆಳಗೆ ಬಾ."

"ನಾನು ಮೇಲೇ ಕಾಯ್ತಾ ಇದ್ದೆ ಪಾಚಕ್ಕ. ಕೆಳಗೆ ಬರೂಕೆ ನನಗೆ ಈಜು ಬರೂದಿಲ್ಲ" ಎಂದಿತು ಗಾಳಿ.

ಕಲ್ಲಿನ ಸಂದಿಯ ಏಡಿ ಬುದ್ಧಿ ಹೇಳಿತು. "ತಲೆ ಗಟ್ಟಿ ಉಂಟು ಅಂತ ಬಂಡೆಗೆ ಹಾಯಬೇಡ ತಂಗಿ. ದೊಡ್ಡವ್ರ ಆಟ, ಸುಮ್ಮನೆ ಅಡಗಿ ಕೂತ್ಕೋ. ಬೇಸರ ಬಂದ್ರೆ ಅವ್ರೇ ಹೋಗ್ತಾರೆ."

"ಅವ್ರಿಗೆ ಬೇಸರ ಬರೂದ್ರೊಳಗೆ ನಮ್ಮ ಉಸಿರು ಹೋಗ್ತದೆ" ಎಂದಳು ಪಾಚಕ್ಕ. ಏಡಿ ಅಡ್ಡಡ್ಡ ನಡೆದು ಸಂದಿಯೊಳಗೆ ಹೋಯಿತು.

ಹಾಗೇ ಒಂದು ಬೆಳಗ್ಗೆ ದೋಣಿ ಬಂದು ನಿಂತಿತು. ಬಸವಂತ ಮತ್ತೆ ಬಂದಿದ್ದ, ಜೊತೆಗೆ ಐದು ಜನ ನೆಂಟರು. ಬಡಿತ ಶುರುವಾಯಿತು. ಪಾಚಕ್ಕನ ಅವ್ವ ಮೂರು ಸಲ ಮೇಲೆ ಹೊರಟಳು, ಮೂರು ಸಲವೂ ತಳಕ್ಕೆ ಉರುಳಿದಳು. ಮೂರನೆಯ ಸಲ ಬಿದ್ದವಳು ತಲೆ ಹೊರಗೆ ಹಾಕಲೇ ಇಲ್ಲ.

ಪಾಚಕ್ಕ ಅವ್ವನ ಚಿಪ್ಪಿಗೆ ಬಾಯಿ ಹಚ್ಚಿ ಕರೆದಳು. "ಅವ್ವಾ, ಏಳು. ಮೇಲೆ ಹೋಗುವ."

"ಆಗೂದಿಲ್ಲ ಮಗಾ," ಒಳಗಿನಿಂದ ಸಣ್ಣ ದನಿ ಬಂತು. "ಅವ್ರು ಬಡೀತಾರೆ. ಬಡಿದ್ರೆ ಅಡಗಬೇಕು."

"ಅಡಗಿದ್ರೆ ಸಾಯ್ತಿ ನೀನು."

ಚಿಪ್ಪಿನ ಸಂದಿಯಿಂದ ಒಂದೇ ಒಂದು ಗುಳ್ಳೆ ಎದ್ದಿತು.

ಪಾಚಕ್ಕನಿಗೆ ಆಗ ಬಂದದ್ದು ಅಳುವಲ್ಲ, ಸಿಟ್ಟು. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಸಿಟ್ಟು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬುದು ಅವಳಿಗೆ ಆ ಹೊತ್ತಿಗೆ ಯಾರೂ ಹೇಳಿಕೊಡದೆ ತಿಳಿದುಹೋಯಿತು. ಅವಳು ಅವ್ವನ ಹೊಟ್ಟೆಯ ಕೆಳಗೆ ತೂರಿ, ಅವಳನ್ನು ಬೆನ್ನ ಮೇಲೆ ಹೊತ್ತು ಮೇಲಕ್ಕೆ ಹೊರಟಳು.

ಡಬ್ ಡಬ್ ಡಬ್.

ಕುತ್ತಿಗೆ ತಾನಾಗಿಯೇ ಹಿಂದೆ ಸರಿಯಿತು. ಎಷ್ಟು ತಲೆಮಾರಿನ ಅಭ್ಯಾಸವೋ ಏನೋ. ಪಾಚಕ್ಕ ಹಲ್ಲಿಲ್ಲದ ದವಡೆ ಕಚ್ಚಿ ಅದನ್ನು ಮುಂದಕ್ಕೆ ನೂಕಿದಳು.

ಅಷ್ಟರಲ್ಲಿ ಅವಳ ಚಿಪ್ಪು ಮಾತಾಡಿತು. ಚಿಪ್ಪು ಮಾತಾಡುವುದೇ ಅಪರೂಪ, ಮಾತಾಡಿದರೆ ಮನೆಯ ಹಿರಿಯರ ಹಾಗೆ ಗೊಣಗುತ್ತದೆ.

"ಎಂತ ಮಾಡ್ತಿದ್ದೆ ನೀನು? ತಲೆ ಒಳಗೆ ತಾ. ನಿನಗಂತ್ಲೇ ಕೋಣೆ ಇಟ್ಕಂಡಿದ್ದೆ."

"ತರೂದಿಲ್ಲ."

"ಬರೂದಿಲ್ಲ ಅಂದ್ರೆ ಬಾಗ್ಲು ಹಾಕ್ತೆ. ಒಂದು ಸಲ ಹಾಕಿದ್ರೆ ಮತ್ತೆ ತೆಗೂದಿಲ್ಲ. ನಿನಗೂ ಇಲ್ಲ, ನಿನ್ನ ಮಕ್ಕಳಿಗೂ ಇಲ್ಲ, ಅವ್ರ ಮಕ್ಕಳಿಗೂ ಇಲ್ಲ. ನಾಳೆ ಸೊರ ಮೀನು ಹಲ್ಲು ಕಿರಿದು ಬಂದ್ರೆ ಎಲ್ಲಿ ಅಡಗ್ತಿ?"

ಪಾಚಕ್ಕನಿಗೆ ಹೆದರಿಕೆಯಾಯಿತು. ಆಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಚಿಪ್ಪನ್ನೂ ಕಡಿಯುವ ಆ ದೊಡ್ಡ ಸೊರ ಮೀನಿನ ಹಲ್ಲು ಅವಳು ಕಂಡವಳೇ. ಆದರೆ ಬೆನ್ನ ಮೇಲೆ ಅವ್ವ ಇದ್ದಳು, ಅವ್ವನ ಉಸಿರು ಮುಗಿಯುತ್ತಾ ಬಂದಿತ್ತು.

"ಬಾಗ್ಲು ಹಾಕು. ಆ ಕೋಣೆಯ ಬಲ ನನ್ನ ಮುಂಗಾಲಿಗೆ ಕೊಡು. ನನಗೆ ಅಡಗೂಕೆ ಜಾಗ ಬೇಡ, ಈಜೂಕೆ ಬಲ ಬೇಕು" ಎಂದಳು.

ಚಿಪ್ಪು ಟಕ್ಕೆಂದು ಬಾಗಿಲು ಹಾಕಿತು.

ಕೋಣೆಯಲ್ಲಿದ್ದ ಬಲವೆಲ್ಲ ಪಾಚಕ್ಕನ ಮುಂಗಾಲುಗಳಿಗೆ ಇಳಿಯಿತು. ಗಿಡ್ಡ ಕಾಲುಗಳಾಗಿದ್ದವು ಉದ್ದವಾದವು, ಅಗಲವಾದವು, ಜಟ್ಟಪ್ಪನ ಹುಟ್ಟಿಗಿಂತ ಚೆಂದದ ಹುಟ್ಟುಗಳಾದವು. ಒಂದು ಬೀಸಿಗೆ ಎರಡು ಮಾರು ಮೇಲೆ. ಡಬ್ ಡಬ್ ಡಬ್ ಎಂದಿತು ದೋಣಿ. ಇನ್ನೊಂದು ಬೀಸಿಗೆ ಇನ್ನೆರಡು ಮಾರು. ಬಡಿತ ಜೋರಾದಷ್ಟೂ ಅವಳು ಬಡಿತದ ಕಡೆಗೇ ಹೋದಳು.

ಜಟ್ಟಪ್ಪ ಬಗ್ಗಿ ಹುಟ್ಟು ಎತ್ತಿದ್ದ. ಅವನ ಮುಖದೆದುರಿಗೆ, ಒಂದು ಗೇಣು ಅಂತರದಲ್ಲಿ, ನೀರು ಒಡೆದು ಆಮೆಯ ತಲೆ ಎದ್ದಿತು. ಫೂ ಎಂದು ಬಿಟ್ಟ ಉಸಿರು ಅವನ ಮೀಸೆಯನ್ನು ತೋಯಿಸಿತು.

ಬೆಚ್ಚಿಬಿದ್ದ ಅವನು ಹುಟ್ಟನ್ನು ಅವಳ ಕಿವಿಯ ಪಕ್ಕದಲ್ಲೇ ದೋಣಿಗೆ ರಪ್ಪೆಂದು ಬಡಿದ. ತಲೆ ಅಲ್ಲಾಡಲಿಲ್ಲ. ಮತ್ತೆ ಬಡಿದ. ತಲೆ ಅಲ್ಲೇ ಇತ್ತು, ಕಣ್ಣು ಅವನ ಮೇಲೇ ಇತ್ತು.

"ಬಡಿ," ಎಂದಳು ಪಾಚಕ್ಕ. "ಕೈ ಸೋಲುವವರೆಗೆ ಬಡಿ. ನಾನು ಮೀನಲ್ಲ. ನಿಮ್ಮ ಹಾಗೇ ಗಾಳಿ ಕುಡ್ದು ಬದ್ಕುವವಳು. ಇದು ನಮ್ಮ ಮನೆ. ನೋಡೂಕೆ ಬಂದ್ರೆ ನೋಡ್ರಿ, ಬೇಡ ಅನ್ನೂದಿಲ್ಲ. ನಾವು ಅಡಗೂದು ಮಾತ್ರ ಇನ್ನು ನೋಡೂಕೆ ಸಿಗೂದಿಲ್ಲ."

ಅವಳ ಬೆನ್ನ ಮೇಲಿದ್ದ ಮುದಿ ಆಮೆ ಆಗ ಮೆಲ್ಲನೆ ಮೂಗು ಹೊರಗೆ ಹಾಕಿತು. ಅದು ಎಳೆದುಕೊಂಡ ಉಸಿರಿನ ಸದ್ದು ದೋಣಿಯವರಿಗೆಲ್ಲ ಕೇಳಿತು. ಬಾಯಾರಿ ಬಂದವರು ನೀರು ಗುಟುಕರಿಸಿದ ಹಾಗಿತ್ತು ಆ ಸದ್ದು.

"ಆಟ ನಿಂತು ಹೋಯ್ತಲ್ಲ, ಬಡಿಯೋ" ಎಂದ ದೋಣಿಯ ಅಂಚು ಹಿಡಿದು ತೇಲುತ್ತಿದ್ದ ಬಸವಂತ.

ಹೊನ್ನಿ ಚುಕ್ಕಾಣಿ ಬಿಟ್ಟು ಎದ್ದು ಬಂದಳು. ಮೊದಲು ಬಸವಂತನ ಕೈಯಿಂದ ಕೊಳವೆ ಕಿತ್ತುಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಆರು ಜನರ ಉಸಿರಿಗೆ ಕೊಳವೆ ಮಾಡಿದ್ದು ನಾವು. ಇವ್ರ ಉಸಿರು ಕಟ್ಟಿದ್ದೂ ನಾವೇ. ನಾಚಿಕೆ ಆಗೂದಿಲ್ಲ ನಿಮಗೆ?"

ಜಟ್ಟಪ್ಪನಿಗೆ ನಾಚಿಕೆಯಾಯಿತು. ಅವನು ಮುದಿ ಆಮೆಯ ಮೂಗಿನ ಹೊಳ್ಳೆಗಳನ್ನು ನೋಡಿದ, ಅವು ತೆರೆದು ಮುಚ್ಚುವುದನ್ನು ನೋಡಿದ. "ನನಗೆ ಗೊತ್ತಿರಲಿಲ್ಲ ತಾಯಿ" ಎಂದು ಹುಟ್ಟು ಕೆಳಗಿಟ್ಟ.

"ಕೇಳಿದ್ರೆ ಹೇಳ್ತಿದ್ದೆ" ಎಂದಳು ಪಾಚಕ್ಕ. ಅವಳು ಅಷ್ಟು ಸುಲಭಕ್ಕೆ ಸಮಾಧಾನ ಆಗುವವಳಲ್ಲ.

ಅಂದು ಅವಳ ಹಿಂದೆ ನಡುಗಡ್ಡೆಯ ಆಮೆಗಳೆಲ್ಲ ಒಂದೊಂದಾಗಿ ಮೇಲೆ ಬಂದವು. ಒಂದೊಂದು ಚಿಪ್ಪಿನಲ್ಲೂ ಟಕ್ ಟಕ್ ಎಂದು ಬಾಗಿಲು ಮುಚ್ಚುವ ಸದ್ದು. ಅವ್ವ ಮಾತ್ರ ಕೊನೆಯವರೆಗೂ ಗೊಣಗಿದಳು, "ಇವಳಿಂದಾಗಿ ಮುದಿ ವಯಸ್ಸಿನಲ್ಲಿ ಕುತ್ತಿಗೆಗೆ ಚಳಿ."

ಚಿಪ್ಪು ಹೇಳಿದ್ದು ಸುಳ್ಳಾಗಲಿಲ್ಲ. ಸೊರ ಮೀನು ಬಂತು. ಪಾಚಕ್ಕ ಅಡಗಲಿಲ್ಲ, ಈಜಿದಳು. ಬಾಲದ ಬಳಿ ಚಿಪ್ಪಿನ ಒಂದು ಚೂರು ಹೋಯಿತು. "ಹೋಗಲಿ, ತಲೆ ಉಳೀತಲ್ಲ" ಎಂದು ಮತ್ತೆ ಹುಲ್ಲು ಮೇಯತೊಡಗಿದಳು.

ಕೆರೆಯ ಆಮೆಗೆ ಈ ಸುದ್ದಿ ಮುಟ್ಟಲೇ ಇಲ್ಲ. ಅದಕ್ಕೇ ನೀನು ಕೋಲು ತಾಗಿಸಿದರೆ ಅದು ಇಂದಿಗೂ ತಲೆ ಒಳಗೆಳೆದುಕೊಳ್ಳುತ್ತದೆ. ಆದರೆ ಸಣ್ಣ ದೋಣಿಯಲ್ಲಿ ನಾಲ್ಕಾರು ಜನ ನಡುಗಡ್ಡೆಗೆ ಹೋಗಿ, ಬಾಯಲ್ಲಿ ಕೊಳವೆ ಇಟ್ಟು, ನೀರಿಗೆ ಮುಖ ಇಳಿಸಿದಾಗ ಒಂದು ಕಡಲಾಮೆ ತಲೆ ಎತ್ತಿಕೊಂಡು ಸೀದಾ ನಿನ್ನತ್ತಲೇ ಉಸಿರಿಗೆ ಬಂದರೆ, ಮಗೂ, ಅದು ಹೆದರಿ ತಲೆ ಎಳೆದುಕೊಳ್ಳುತ್ತದೆಂದು ಕಾಯಬೇಡ, ನೀನೇ ಪಕ್ಕಕ್ಕೆ ಸರಿದು ದಾರಿ ಬಿಡು.