ಜಗಲಿಯ ಮೇಲಾಡಿದ ಮನೆಮಾತು

“ಗುರುಗಳೇ, ನಮ್ಮ ಮನೆಮಾತು ಬೀದಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಮಕ್ಕಳಿಗೆ ಊರಮಾತೊಂದನ್ನೇ ಕಲಿಸಿದರೆ ನಷ್ಟವೇನು?” ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು: ನಷ್ಟದ ಮಾತೆತ್ತಿದೆಯಲ್ಲ, ಹಾಗಾದರೆ ಒಬ್ಬ ವರ್ತಕನ ಕತೆಯನ್ನೇ ಕೇಳು.

ಹೊಳೆಯಾಚೆಯಿಂದ ಬಂದ ಒಂದಷ್ಟು ಜನ ಒಂದು ಊರಿನಲ್ಲಿ ನೆಲೆಸಿದ್ದರು. ಅಂಗಡಿಯಲ್ಲಿ ಊರಮಾತು, ಹೊಸಿಲು ದಾಟಿ ಒಳಗೆ ಬಂದರೆ ಮನೆಮಾತು. ದೀಪ ಹಚ್ಚಿದ ಮೇಲೆ ಬಾಗಿಲು ಬಡಿದವರು ಮನೆಮಾತಿನಲ್ಲಿ ಕೂಗಿದರೆ ಮಾತ್ರ ಅಗುಳಿ ತೆಗೆಯುವುದು ಅವರ ರೂಢಿ. ಕತ್ತಲಲ್ಲಿ ಅಲೆಯುವ ಪೀಡೆ ಯಾರ ದನಿಯಲ್ಲಾದರೂ ಕೂಗಬಲ್ಲದು, ಆದರೆ ಮನೆಯೊಳಗಿನ ಮಾತು ಅದಕ್ಕೆ ಬಾರದು ಎಂದು ಅವರು ನಂಬಿದ್ದರು.

ಅವರಲ್ಲೊಬ್ಬ ವರ್ತಕ ಬಲು ಜಾಣ. ಮಗಳನ್ನು ಊರಮಾತಿನಲ್ಲೇ ಬೆಳೆಸಿದ. ಹೆಂಡತಿ ಮನೆಮಾತಾಡಿದರೆ ಮಗುವಿನ ನಾಲಿಗೆ ಕೆಡುತ್ತದೆಂದು ಗದರಿ, ಆಡಲೇಬೇಕಿದ್ದರೆ ಹೊರಗೆ ಜಗಲಿಯ ಮೇಲೆ ಆಡಿಕೋ ಎಂದ. ಅವಳು ಸಂಜೆಯಾದರೆ ಜಗಲಿಯಲ್ಲಿ ಕೂತು ಒಬ್ಬಳೇ ಮಾತಾಡಿಕೊಳ್ಳುತ್ತಿದ್ದಳು. ಪಾಪ, ಬೇರೆ ಏನು ಮಾಡಿಯಾಳು?

ಒಂದು ದಿನ ಆಟಕ್ಕೆ ಹೋದ ಮಗಳು ತಡಮಾಡಿದಳು. ದೀಪ ಹಚ್ಚಿಯಾಗಿತ್ತು. ಬಾಗಿಲು ಬಡಿದ ಸದ್ದಾಯಿತು. “ಅಪ್ಪಾ, ನಾನು. ಬಾಗ್ಲು ತೆಗಿ” ಎಂದು ಊರಮಾತಿನಲ್ಲಿ ಮಗಳ ದನಿ ಕೇಳಿತು. ವರ್ತಕ ಅಗುಳಿಗೆ ಕೈಹಾಕಿದ. ಅಷ್ಟರಲ್ಲಿ ಹೊರಗಿನಿಂದಲೇ, ಮಗಳದೇ ದನಿಯಲ್ಲಿ, ಅದೇ ಮಾತು ಮನೆಮಾತಿನಲ್ಲಿ ಬಂತು. ಒಂದು ತಪ್ಪಿಲ್ಲ. ಅವನ ಹೆಂಡತಿ ಮಾತನ್ನು ಎಳೆಯುವ ಹಾಗೆಯೇ ಎಳೆದು ಆಡಿತು ಆ ಎರಡನೆಯ ದನಿ. ಮೊದಲಿನ ದನಿ ಅಳತೊಡಗಿತು.

ಹೆಂಡತಿ ಅವನ ತೋಳು ಹಿಡಿದಳು. “ಆ ಮಾತು ಅವಳಿಗೆಲ್ಲಿ ಬರುತ್ತೆ? ಅಳ್ತಿರೋಳೇ ನಮ್ಮವಳು.”

“ಸುಮ್ನಿರು. ಹಿರಿಯರು ಹೇಳಿದ್ದು ಸುಳ್ಳಾಗುತ್ತಾ? ನೀನು ಜಗಲಿ ಮೇಲೆ ಆಡಿದ್ದನ್ನ ಕೇಳಿ ಕಲ್ತಿದ್ದಾಳೆ.”

ಹೆದರಿದವನಿಗೆ ಬಿಟ್ಟ ರೂಢಿಯೆಲ್ಲ ನೆನಪಾಗುತ್ತದೆ. ಬಾಗಿಲನ್ನು ತುಸುವೇ ಸರಿಸಿ, ಮನೆಮಾತಾಡಿದವಳ ಕೈ ಹಿಡಿದು ಒಳಗೆಳೆದುಕೊಂಡು ಮತ್ತೆ ಅಗುಳಿ ಹಾಕಿದ. ಹೊರಗಿನ ಅಳು ಸ್ವಲ್ಪ ಹೊತ್ತು ಹೊಸಿಲಲ್ಲೇ ಇತ್ತು. ಆಮೇಲೆ ಬೀದಿಯ ಕೊನೆಗೆ ಸರಿದು ನಿಂತುಹೋಯಿತು.

ಗುರು ಅಲ್ಲಿಗೆ ನಿಲ್ಲಿಸಿದರು.

“ಒಳಗೆ ಬಂದವಳು ಈಗ ಹೇಗಿದ್ದಾಳೆ?” ಎಂದು ಶಿಷ್ಯ ಮೆಲ್ಲಗೆ ಕೇಳಿದ.

“ಮನೆಮಾತನ್ನು ಬಹಳ ಚೆನ್ನಾಗಿ ಆಡುತ್ತಾಳೆ, ತಾಯಿ ಮಾತ್ರ ಅವಳಿಗೆ ಊರಮಾತಿನಲ್ಲೇ ಉತ್ತರ ಕೊಡುತ್ತಾಳೆ” ಎಂದರು ಗುರು.