ಮನೆಗೆ ಹೋದ ಕೂಸಿನ ಜ್ವರ

ಪದ್ಮಾಕ್ಷಿಗೆ ಸಾಕುಸಾಕಾಗಿ ಹೋಗಿತ್ತು. ಹಸುಗೂಸುಗಳನ್ನು ಬೆಚ್ಚಗಿಡುವ ಆಸ್ಪತ್ರೆಯ ಗಾಜಿನ ಪೆಟ್ಟಿಗೆಗೆ ಕರ್ನೆಲ್ ಎಂಬ ಪ್ರೋಗ್ರಾಂ ಬರೆದವಳು ಅವಳೇ. ಕರ್ನೆಲ್ ಅಂದರೆ ಮತ್ತೇನಲ್ಲ, ಮದುವೆಮನೆಯ ಉಗ್ರಾಣದವನಿದ್ದ ಹಾಗೆ. ಕೇಳಿದವರಿಗೆ ಪಾತ್ರೆ ಕೊಡಬೇಕು, ಕೆಲಸ ಮುಗಿದ ಮೇಲೆ ವಾಪಸ್ ಇಸಿದುಕೊಳ್ಳಬೇಕು. ಕಂಪ್ಯೂಟರಿನಲ್ಲಿ ಆ ಪಾತ್ರೆಗೆ ಮೆಮೊರಿ ಅನ್ನುತ್ತಾರೆ, ಅಷ್ಟೇ.

ಇಪ್ಪತ್ತು ದಿನದ ಹಿಂದೆ ನರ್ಸ್ ನೀಲವ್ವ ಫೋನ್ ಮಾಡಿದ್ದಳು. "ಮೇಡಂ, ಈ ಪೆಟ್ಟಿಗಿ ಮನಿಗೆ ಹೋದ ಕೂಸಿನ ಜ್ವರಾನ ಹೊಸಾ ಕೂಸಿಗೆ ತೋರಸ್ತೈತಿ ನೋಡ್ರಿ."

ಪದ್ಮಾಕ್ಷಿ ನಕ್ಕುಬಿಟ್ಟಳು. ಹಿಂದೊಮ್ಮೆ ಇದೇ ನೀಲವ್ವ ಪ್ಲಗ್ ಹಾಕದೆಯೇ ಪೆಟ್ಟಿಗೆ ಕೆಟ್ಟಿದೆ ಎಂದು ದೂರಿದ್ದಳು. ಇವಳದ್ದು ಇದ್ದದ್ದೇ ಅಂದುಕೊಂಡು, ತಪ್ಪು ನರ್ಸಿನದ್ದೇ ಎಂದು ಆಸ್ಪತ್ರೆಗೆ ಬರೆದು ಕಳಿಸಿದಳು. ದೊಡ್ಡ ಡಾಕ್ಟರು ಸುಮ್ಮನಿರುತ್ತಾರೆಯೇ? ತಿಂಗಳ ಕೊನೆಗೆ ನೀಲವ್ವನನ್ನು ಕೆಲಸದಿಂದ ತೆಗೆಯುವುದೆಂದಾಯಿತು.

ಆಮೇಲೆ ಇನ್ನೊಬ್ಬ ನರ್ಸೂ ಅದೇ ದೂರು ತಂದಳು. ಪದ್ಮಾಕ್ಷಿ ಹುಡುಕಲು ಕೂತಳು. ಅಯ್ಯೋ, ಅದೇನು ಹುಡುಕಾಟ! ಅವಳ ಮೇಜಿನ ಮೇಲಿದ್ದ ಅಂಥದೇ ಪೆಟ್ಟಿಗೆ ಸಾಧುಪ್ರಾಣಿ, ಒಂದು ದಿನವೂ ತಪ್ಪಲಿಲ್ಲ. ಪ್ರತಿಸಲ ಆಫ್ ಮಾಡಿ ಆನ್ ಮಾಡುತ್ತಿದ್ದಳಲ್ಲ, ಪಾತ್ರೆಗಳು ಖಾಲಿಯಾಗೇ ಸಿಗುತ್ತಿದ್ದವು. ಆಸ್ಪತ್ರೆಯಲ್ಲಿ ಅದನ್ನು ಆಫ್ ಮಾಡುವವರು ಯಾರು? ಕಣ್ಣು ಉರಿದು, ಸೊಂಟ ಬಿದ್ದುಹೋಗಿ, ಕೊನೆಗೊಂದು ದಿನ ಸಿಕ್ಕಿತು. ಪಾತ್ರೆ ತೊಳೆದು ಕೊಡು, ಅಂದರೆ ಮೆಮೊರಿಯನ್ನು ಸೊನ್ನೆ ಮಾಡಿ ಕೊಡು ಎನ್ನುವ ಸಾಲೇ ಕೋಡಿನಲ್ಲಿರಲಿಲ್ಲ. ಕೆಲಸ ಬೇಗ ಸಾಗಲೆಂದು ಅವಳೇ ಬಿಟ್ಟಿದ್ದಳು. ಹಳೆ ಕೂಸಿನ ಅಂಕಿ ತಳದಲ್ಲಿ ಉಳಿದು, ಹೊಸ ಅಳತೆ ಬರುವ ತನಕ ಅದೇ ಕಾಣುತ್ತಿತ್ತು. ನೀಲವ್ವ ಹೇಳಿದ್ದು ಅಕ್ಷರಶಃ ನಿಜ.

ಒಂದೇ ಒಂದು ಸಾಲು ಸೇರಿಸಿದಳು, ಪೆಟ್ಟಿಗೆ ಸರಿಹೋಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೂ ಮನೆಗೆ ಹೋಗಿ ಮಲಗಿದರೆ ಸಾಕಿತ್ತು. ಆದರೆ ನೀಲವ್ವನ ಅನ್ನ?

ಡಾಕ್ಟರಿಗೆ ಫೋನ್ ಮಾಡಿ, "ತಪ್ಪು ನನ್ನದು ಸಾರ್, ಆಕೆಯದಲ್ಲ" ಅಂದಳು. ಚೆನ್ನಾಗಿ ಬೈಸಿಕೊಂಡಳು. ಕೆಲಸದಿಂದ ತೆಗೆಯುವ ಮಾತು ಅಲ್ಲಿಗೆ ನಿಂತಿತು. ಆಮೇಲೆ ನೀಲವ್ವನಿಗೂ ಎಲ್ಲವನ್ನೂ ಹೇಳಿದಳು.

ನೀಲವ್ವ ಅಂದಳು, "ನಾ ಮೊದಲನೇ ದಿನಾನ ಹೇಳಿದ್ನೆಲ್ರಿ, ಮೇಡಂ."

ನೀತಿ: ಪಾತ್ರೆಯನ್ನು ತೊಳೆದು ಕೊಡಬೇಕು, ಕಿವಿಯನ್ನೂ ತೊಳೆದೇ ಕೊಡಬೇಕು. ಹಳೆಯದನ್ನು ತಳದಲ್ಲಿಟ್ಟುಕೊಂಡು ಕೇಳಿದರೆ ನಿಜವೂ ಸುಳ್ಳಾಗಿ ಕೇಳಿಸುತ್ತದೆ.