ಬಡಗಿ ಹಚ್ಚಿದ ವಾರ್ನಿಷ್

"ಬುದ್ಧಿ, ಸತ್ತವರು ಬಿಟ್ಟುಹೋದದ್ದನ್ನು ಇದ್ದದ್ದು ಇದ್ದ ಹಾಗೇ ಕಾಯುವುದು ತಪ್ಪೇ?" ಎಂದು ಕೊಟ್ರಬಸಪ್ಪ ಕೇಳಿದ.

"ತಪ್ಪು ಅಂತ ಯಾರಂದರು?" ಎಂದರು ಗುರುಗಳು.

ಕೊಟ್ರಬಸಪ್ಪ ಹೇಳಿದ. ಅವನ ತಮ್ಮ ಚನ್ನವೀರ ಪೇಟೆಯಲ್ಲಿ ಟೈಲರ್ ಆಗಿದ್ದ. ತೀರಿಕೊಂಡು ಎರಡು ವರ್ಷ. ಅವನು ಅರ್ಧ ಹೊಲಿದ ಅಂಗಿ ಇನ್ನೂ ಮಿಷನ್ನಿನ ಸೂಜಿಯ ಕೆಳಗೇ ಇದೆ. ಅಂಗಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಕೊಟ್ರಬಸಪ್ಪ ಉಡಿದಾರಕ್ಕೆ ಕಟ್ಟಿಕೊಂಡಿದ್ದಾನೆ. ತಮ್ಮನ ಹೆಂಡತಿ ನೀಲಮ್ಮನಿಗೆ ಹೊಲಿಗೆ ಬರುತ್ತದೆ. ಎರಡು ಮಕ್ಕಳನ್ನು ಕಟ್ಟಿಕೊಂಡು ಇನ್ನೊಬ್ಬರ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಹೋಗುತ್ತಾಳೆ. ಈಗ ನಮ್ಮ ಅಂಗಡಿಯನ್ನೇ ನಡೆಸುತ್ತೇನೆ, ಬೀಗದ ಕೈ ಕೊಡಿ ಎನ್ನುತ್ತಿದ್ದಾಳೆ.

"ಆ ಅಂಗಿ ಅಲ್ಲಾಡಿದರೆ ತಮ್ಮ ಇನ್ನೊಮ್ಮೆ ಸತ್ತ ಹಾಗೆ ಬುದ್ಧಿ. ಕೊಡಲ್ಲ ಅಂದೆ. ಅತ್ತಳು. ನಾನೇನು ಕಲ್ಲೇ?"

"ಕಲ್ಲಾಗಿದ್ದರೆ ಇಷ್ಟು ದೂರ ಬಂದು ಕೇಳುತ್ತಿರಲಿಲ್ಲ. ಕೂತುಕೋ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ."

ಗುರುಗಳು ಹೇಳಿದ ಕತೆ ಇದು.

ದೀಕ್ಷೆಗೆ ಮೊದಲು ನಾನು ಒಂದು ಚಿಕ್ಕ ವಿಮಾನ ಮೈದಾನದಲ್ಲಿ ಡಯಲ್ಲುಗಳ ರಿಪೇರಿ ಮಾಡುತ್ತಿದ್ದೆ. ಅಲ್ಲಿಗೆ ಇಬ್ಬರು ಬರುತ್ತಿದ್ದರು. ಒಬ್ಬ ಬಡಗಿ, ಒಬ್ಬ ಗಡಿಯಾರ ರಿಪೇರಿಯವನು. ಇಬ್ಬರೂ ಸೇರಿ ಒಂದು ಶೆಡ್ಡಿನಲ್ಲಿ ವಿಮಾನ ಕಟ್ಟುತ್ತಿದ್ದರು. ನಗಬೇಡ. ಮರದ ಮೈ, ಇಬ್ಬರು ಕೂರುವ ಜಾಗ, ಹಳೆಯದೊಂದು ಎಂಜಿನ್ನು. ಆರು ವರ್ಷ ಕಟ್ಟಿದರು. ಭಾನುವಾರ ಬಂತೆಂದರೆ ನಾನೂ ಅಲ್ಲಿಗೆ ಹೋಗುತ್ತಿದ್ದೆ. ಹೊಸ ಮರದ ಹೊಟ್ಟಿನ ವಾಸನೆ, ಸ್ಟವ್ ಮೇಲೆ ಕಾಯಿಸಿ ಕಾಯಿಸಿ ಕಪ್ಪಾದ ಚಹಾ, ಇಬ್ಬರ ಜಗಳ. ಅಂಥ ಚಹಾ ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ ಕಣಯ್ಯ. ಈಗಲೂ ಮರಕ್ಕೆ ರಂದ ಹೊಡೆಯುವ ಸದ್ದು ಕೇಳಿದರೆ ನಿಂತುಬಿಡುತ್ತೇನೆ.

ಕೊನೆಯ ವರ್ಷ ಗಾಳಿಕಿಂಡಿ ಕೊರೆಯುವ ಕೆಲಸ ಬಂತು. ವಿಮಾನದ ಮೈಯ ಎರಡು ಪಕ್ಕಕ್ಕೂ ಒಂದೊಂದು ತೂತು ಬೇಕು. ಸೂಜಿ ತೂರುವಷ್ಟು, ಹೆಚ್ಚಿಲ್ಲ. ಎಷ್ಟು ಎತ್ತರ, ಎಷ್ಟು ವೇಗ, ಏರುತ್ತಿದೆಯೋ ಇಳಿಯುತ್ತಿದೆಯೋ, ಇದನ್ನು ಹೇಳುವ ಮೂರು ಡಯಲ್ಲಿಗೂ ಹೊರಗಿನ ಗಾಳಿ ಸಿಗುವುದು ಅಲ್ಲಿಂದ. ಎರಡನ್ನೂ ಒಂದು ನಳಿಕೆ ಸೇರಿಸುತ್ತದೆ.

ಗಡಿಯಾರದವನು ಜಾಗ ಹುಡುಕುತ್ತ ಮೂರು ವಾರ ಕಳೆದ. ಬಡಗಿಗೆ ತಾಳ್ಮೆ ಕೆಟ್ಟಿತು.

"ತೂತು ತಾನೇ ಮಾರಾಯ? ಎಲ್ಲಾದರೂ ಕೊರೆ!"

"ಮುಂದೆ ಕೊರೆದರೆ ಗಾಳಿ ಗುದ್ದುತ್ತದೆ. ಹಿಂದೆ ಕೊರೆದರೆ ಎಳೆಯುತ್ತದೆ. ಗುದ್ದದೆ ಎಳೆಯದೆ ಸುಮ್ಮನೆ ಹೋಗುವ ಕಡೆ ಕೊರೆಯಬೇಕು. ನೀನು ಸುಮ್ಮನಿದ್ದರೆ ಜಾಗ ಬೇಗ ಸಿಗುತ್ತದೆ" ಎಂದ ಗಡಿಯಾರದವನು.

ಕೊನೆಗೂ ಕೊರೆದ. ಅಂಚು ಬೆರಳಿಗೆ ತಾಗದಷ್ಟು ನುಣುಪು ಮಾಡಿದ. ಎರಡೂ ಕಡೆ ಪೆನ್ಸಿಲಿನಲ್ಲಿ ಸುತ್ತು ಬರೆದು, ಪಕ್ಕದಲ್ಲಿ 'ಇಲ್ಲಿ ಬಣ್ಣ ತಾಗಬಾರದು' ಎಂದು ಬರೆದ. ಅವನದು ದುಂಡನೆಯ ಅಕ್ಷರ. ಅವನಿಗೊಂದು ಅಭ್ಯಾಸ ಇತ್ತು. ವಿಮಾನದ ಮೈಮೇಲೆ ಯಾರು ಏನೇ ಕೆಲಸ ಮಾಡಲಿ, ಮುಗಿದ ಮೇಲೆ ಒಂದು ಕಿಂಡಿಯನ್ನು ಬೆರಳಿನಿಂದ ಒತ್ತಿ, ಇನ್ನೊಂದಕ್ಕೆ ರಬ್ಬರ್ ಕೊಳವೆ ಹಿಡಿದು ಬಾಯಿಂದ ಮೆಲ್ಲಗೆ ಎಳೆಯುತ್ತಿದ್ದ. ಒಳಗೆ ಮುಳ್ಳು ಅಲ್ಲಾಡುವುದನ್ನು ಬಡಗಿ ನೋಡಿ ಹೇಳಬೇಕು. ಆಮೇಲೆ ಆ ಕಡೆ, ಈ ಕಡೆ ಬದಲು. "ಉಸಿರಾಡುತ್ತಿದೆ" ಎಂದು ಬಡಗಿ ಕೂಗಿದ ಮೇಲೆಯೇ ಶೆಡ್ಡಿನ ಬಾಗಿಲು ಹಾಕುವುದು.

ಮೂರನೆಯ ಡಯಲ್ಲಿನ ಗಾಜನ್ನು ಅವನೇ ಕತ್ತರಿಸಿ ಕೂರಿಸಿದ. ಕೂರಿಸುವಾಗ ಹೇಳಿದ, "ಮೇಲೆ ಹೋದಾಗ ಕಿಂಡಿ ಕಟ್ಟಿಕೊಂಡರೆ ಹೆದರಬೇಡ. ಈ ಗಾಜು ಒಡಿ. ನೀನು ಕೂತ ಜಾಗದ ಗಾಳಿಯೇ ನಳಿಕೆಗೆ ನುಗ್ಗುತ್ತದೆ. ಎತ್ತರ ಒಂದಿಷ್ಟು ಹೆಚ್ಚು ತೋರಿಸೀತು, ನೂರಡಿ ಕಳೆದುಕೋ."

"ನೀನು ಪಕ್ಕದಲ್ಲೇ ಇರುತ್ತೀಯಲ್ಲ, ನೀನೇ ಒಡಿ" ಎಂದ ಬಡಗಿ.

ವಿಮಾನ ಹಾರುವ ಮೊದಲೇ ಗಡಿಯಾರದವನು ಹೋಗಿಬಿಟ್ಟ. ಜ್ವರ ಅಂತ ಮಲಗಿದವನು ಏಳಲಿಲ್ಲ. ಬಡಗಿ ನಾಲ್ಕು ತಿಂಗಳು ಶೆಡ್ಡಿಗೆ ಕಾಲಿಡಲಿಲ್ಲ.

ಮತ್ತೆ ಬಂದು ಕೆಲಸ ಮುಗಿಸಿದ. ಅಧಿಕಾರಿಗಳು ಬಂದು ನೋಡಿ ಒಪ್ಪಿಗೆ ಕೊಟ್ಟರು. ನಾಳೆ ಹಾರಬೇಕು. ಆ ಸಂಜೆ ಬಡಗಿ ಪೆನ್ಸಿಲಿನ ಅಕ್ಷರ ನೋಡಿದ. ಮಸುಕಾಗುತ್ತಿತ್ತು. ಒಂದು ಮಳೆ ಬಿದ್ದರೆ ಹೋಯಿತು ಎನ್ನಿಸಿತು. ಬಣ್ಣ ತಾಗಬಾರದು ಎಂದಿದ್ದ ಗೆಳೆಯ. ಇವನು ಬಣ್ಣ ತಾಗಿಸಲಿಲ್ಲ. ಅಕ್ಷರ ಕಾಣುತ್ತಲೇ ಇರಲಿ ಎಂದು ಅದರ ಮೇಲೆ ತಿಳಿ ವಾರ್ನಿಷ್ ಹಚ್ಚಿದ. ಎರಡು ಕೋಟು, ಎರಡೂ ಕಡೆ. ಹಚ್ಚುವಾಗ ಅಳುತ್ತಿದ್ದನಂತೆ. ವಾರ್ನಿಷ್ ಹಸಿಯಾಗಿತ್ತು. ಕೊಳವೆ ತಾಗಿದರೆ ಅಕ್ಷರ ಕೆಡುತ್ತದೆ ಎಂದು ಆ ದಿನ ಉಸಿರು ನೋಡಲಿಲ್ಲ.

ಬೆಳಿಗ್ಗೆ ಒಬ್ಬನೇ ಹಾರಿದ. ಪಕ್ಕದ ಸೀಟಿನಲ್ಲಿ ಗೆಳೆಯನ ಟೋಪಿ ಇಟ್ಟುಕೊಂಡಿದ್ದ. ನೆಲದಲ್ಲಿ ಎತ್ತರದ ಮುಳ್ಳನ್ನು ಸೊನ್ನೆಗೆ ಇಟ್ಟು ಹೊರಡುವುದು ರೂಢಿ. ವಿಮಾನ ಏರಿತು. ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ವಾರ್ನಿಷ್ ಒಣಗಿ ಎರಡೂ ಕಿಂಡಿ ಮುಚ್ಚಿತ್ತು, ಒಳಗೆ ಸಿಕ್ಕಿಬಿದ್ದದ್ದು ಶೆಡ್ಡಿನ ಗಾಳಿ. ಮರದ ತುದಿ ದಾಟಿದರೂ, ಮೈದಾನ ಅಂಗೈಯಷ್ಟಾದರೂ, ಡಯಲ್ಲು ಮಾತ್ರ ಇನ್ನೂ ಶೆಡ್ಡಿನಲ್ಲೇ ಇದ್ದೇವೆ ಎನ್ನುತ್ತಿತ್ತು.

ಕಣ್ಣಿಗೆ ನೆಲ ಕಾಣುತ್ತಿದೆಯಲ್ಲ, ಇಳಿಸಿದರಾಯಿತು ಎಂದುಕೊಂಡು ತಿರುಗಿದ. ಅಷ್ಟರಲ್ಲಿ ಕೆರೆಯ ಕಡೆಯಿಂದ ಮಂಜು ಎದ್ದು ಮೈದಾನ ಮುಚ್ಚಿತು. ಮೈದಾನದ ಪಕ್ಕದಲ್ಲೇ ಐದುನೂರು ಅಡಿಯ ಗುಡ್ಡ ಇತ್ತು. ಅದೂ ಕಾಣದು. ಎಂಜಿನ್ನಿಗೆ ಇದ್ದದ್ದು ಅರ್ಧ ಗಂಟೆಯ ಪೆಟ್ರೋಲು. ಈಗ ತಾನು ಗುಡ್ಡಕ್ಕಿಂತ ಮೇಲಿದ್ದೇನೋ ಕೆಳಗಿದ್ದೇನೋ ಅವನಿಗೆ ಗೊತ್ತಿರಲಿಲ್ಲ.

ಆಗ ಗೆಳೆಯನ ಮಾತು ನೆನಪಾಯಿತು. ಗಾಜು ಒಡಿ.

ಜೇಬಿನಿಂದ ಉಳಿ ತೆಗೆದ. ತೆಗೆದವನ ಕೈ ನಿಂತಿತು. ಅದು ಗೆಳೆಯನ ಕೊನೆಯ ಕೆಲಸ. ಅವನ ಹೆಬ್ಬೆರಳಿನ ಗುರುತು ಇನ್ನೂ ಗಾಜಿನ ಅಂಚಿನಲ್ಲಿತ್ತು. "ಅಯ್ಯೋ, ಇದನ್ನು ಹೇಗೆ ಒಡೆಯಲಿ!" ಎಂದು ಗಟ್ಟಿಯಾಗಿ ಅಂದನಂತೆ. ಕೇಳುವುದಕ್ಕೆ ಟೋಪಿಯೊಂದೇ ಇದ್ದದ್ದು.

ಉಳಿಯ ಹಿಡಿಯಿಂದ ಹೊಡೆದ. ಗಾಜು ಪುಡಿಯಾಯಿತು. ಎತ್ತರದ ಮುಳ್ಳು ಎದ್ದು ಒಂದು ಸುತ್ತು ಬಂದು ಸಾವಿರದ ಇನ್ನೂರರಲ್ಲಿ ನಿಂತಿತು. ನೂರು ಕಳೆದ. ಆ ಎತ್ತರ ಬಿಡದೆ ಸುತ್ತುತ್ತ ಕಾದ. ಇಪ್ಪತ್ತು ನಿಮಿಷಕ್ಕೆ ಮಂಜು ಒಂದು ಕಡೆ ಹರಿಯಿತು. ಶೆಡ್ಡಿನ ತಗಡು ಕಂಡಿತು. ಇಳಿದ. ಚಕ್ರ ನಿಂತ ಮೇಲೆ ಟ್ಯಾಂಕಿನಲ್ಲಿ ಎರಡು ಲೋಟದಷ್ಟು ಪೆಟ್ರೋಲು ಉಳಿದಿತ್ತು.

ಅವನನ್ನು ಕೈಹಿಡಿದು ಇಳಿಸಿದವನು ನಾನೇ. ನನ್ನನ್ನು ತಬ್ಬಿಕೊಂಡು ಅತ್ತ. ಆಮೇಲೆ ಗೆಳೆಯನ ಪೆಟ್ಟಿಗೆಯಿಂದಲೇ ಒಂದು ಸೂಜಿ ತೆಗೆದು ವಾರ್ನಿಷ್ ಕೆರೆದು ಕಿಂಡಿ ಬಿಡಿಸಿದ. ಕೊಳವೆಯನ್ನು ನಾನು ಹಿಡಿದೆ. ಮುಳ್ಳು ಅಲ್ಲಾಡಿತು. "ಉಸಿರಾಡುತ್ತಿದೆ" ಎಂದು ಅವನು ಕೂಗಿದ. ಅಷ್ಟು ಗಟ್ಟಿಯಾಗಿ ಕೂಗುವ ಅಗತ್ಯ ಇರಲಿಲ್ಲ, ನಾನು ಪಕ್ಕದಲ್ಲೇ ಇದ್ದೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಂಡರು.

"ಕೆರೆಯುವಾಗ ಆ ಅಕ್ಷರ?" ಎಂದು ಕೊಟ್ರಬಸಪ್ಪ ಕೇಳಿದ.

"ಹೋದವು. ಒಂದೂ ಉಳಿಯಲಿಲ್ಲ. ಆ ವಿಮಾನ ಮಾತ್ರ ಹದಿನಾಲ್ಕು ವರ್ಷ ಹಾರಿತು. ಎರಡು ಸಲ ನನ್ನನ್ನೂ ಕೂರಿಸಿಕೊಂಡು ಹೋಗಿದ್ದ."

ಕೊಟ್ರಬಸಪ್ಪನ ಕೈ ತನಗೆ ತಿಳಿಯದೆ ಸೊಂಟದ ಬೀಗದ ಕೈಗೆ ಹೋಗಿತ್ತು. "ಆದರೂ ಬುದ್ಧಿ, ನನ್ನ ತಮ್ಮ ಬಿಟ್ಟುಹೋದ ಅಂಗಡಿ ಅದು. ಅವನು ಇಟ್ಟ ಹಾಗೇ ಇಡಬೇಕು ಅಂತ ನನ್ನಾಸೆ" ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು:

"ನಿನ್ನ ತಮ್ಮ ಆ ಅಂಗಡಿಗೆ ಯಾವತ್ತಾದರೂ ಹಗಲು ಹೊತ್ತು ಬೀಗ ಹಾಕಿದ್ದನೇನಯ್ಯ?"